ಬೀಗವೂ ಇರಲಿ, ಬೀಗದ ಕೈಯೂ ಇರಲಿ



ನಾನು ಒಂಬತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿ ಹಿಂದಿನ ಬೆಂಚಿನ ಹುಡುಗಿಯರು 'ಕ' ಭಾಷೆಯಲ್ಲಿ ಮಾತನಾಡಿಕೊಳ್ಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಪ್ರತಿಯೊಂದು ಅಕ್ಷರಕ್ಕೂ ಮೊದಲು ಒಂದು 'ಕ' ಸೇರಿಸುವುದೇ ಅದರ ಸೂತ್ರ. ನಾನು ಬಾಗಿಲ ಬಳಿ ಕಾಣಿಸಿಕೊಂಡೊಡನೆ "ಕಮೇಕಷ್ಟ್ರು ಕಬಂಕದಕರು" ಎಂಬ ಎಚ್ಚರಿಕೆ ಹೊರಡುತ್ತಿತ್ತು. ಆ ಸೂತ್ರ ನನಗೂ ತಿಳಿದಿತ್ತು. ಆದರೆ ತಿಳಿದಿದೆಯೆಂದು ತೋರಿಸಿಕೊಳ್ಳುತ್ತಿರಲಿಲ್ಲ. ಮಕ್ಕಳಿಗೂ ಒಂದಿಷ್ಟು ಗುಟ್ಟು ಬೇಕು ಎಂಬುದು ಅಂದಿನ ನನ್ನ ಭಾವನೆ. ಈಗ ಅರವತ್ತು ದಾಟಿದ ಮೇಲೆ, ಗುಟ್ಟು ಕಾಯುವುದು ಆಟವಲ್ಲ, ಅದೊಂದು ಹೊಣೆ ಎಂದು ಅನ್ನಿಸತೊಡಗಿದೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿತು. ಪೇಟೆಯ ಅಂಗಡಿಯೊಂದಕ್ಕೆ ರಿಪೇರಿಗೆ ಕೊಟ್ಟು, ಎಂಟು ದಿನಗಳ ಬಳಿಕ ಮರಳಿ ತಂದೆ. ತಿಂಗಳು ಕಳೆದ ಮೇಲೆ ಬಸ್ ನಿಲ್ದಾಣದಲ್ಲಿ ಆ ಅಂಗಡಿಯ ಹುಡುಗ ಎದುರಾಗಿ, ಬಹಳ ವಿನಯದಿಂದಲೇ, "ಸಾರ್, ಅಮ್ಮಾವ್ರಿಗೆ ಆಪರೇಷನ್ ಆಗಿತ್ತಲ್ಲ, ಈಗ ಹುಷಾರಾಗಿದ್ದಾರಾ?" ಎಂದು ಕೇಳಿದ. ನನ್ನ ಶ್ರೀಮತಿಯ ಶಸ್ತ್ರಚಿಕಿತ್ಸೆಯ ವಿಷಯವನ್ನು ನಾವು ಸ್ವಂತ ಅಣ್ಣತಮ್ಮಂದಿರಿಗೂ ತಿಳಿಸಿರಲಿಲ್ಲ. (ಇದನ್ನು ಇಲ್ಲಿ ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ.) ಆಸ್ಪತ್ರೆಯ ವರದಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದೆ, ಹುಡುಗ ಅದನ್ನು ತೆರೆದು ನೋಡಿದ್ದ. ಅವನಲ್ಲಿ ಕೆಟ್ಟ ಬುದ್ಧಿಯಿತ್ತೆಂದು ನಾನು ಹೇಳಲಾರೆ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಿದ್ರೆಗೆಡಿಸಿದ್ದು ಆಸ್ಪತ್ರೆಯ ವರದಿಯೊಂದೇ ಅಲ್ಲ. ಅದೇ ಕಡತಕೋಶದಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಶಿಷ್ಯರು ನನಗೆ ಬರೆದ ಪತ್ರಗಳಿದ್ದವು. ಕಾಗದ ಹಳದಿಯಾಗಿ ಪುಡಿಯಾಗುತ್ತಿದ್ದುದರಿಂದ ಅವುಗಳನ್ನೂ ಸ್ಕ್ಯಾನ್ ಮಾಡಿಟ್ಟಿದ್ದೆ. ತಂದೆತಾಯಿಗಳಿಗೂ ಹೇಳಲಾಗದ ಸಂಕಟಗಳನ್ನು, ಮೇಷ್ಟ್ರು ಯಾರಿಗೂ ಹೇಳುವುದಿಲ್ಲವೆಂಬ ಒಂದೇ ನಂಬಿಕೆಯಿಂದ ಬರೆದ ಪತ್ರಗಳೂ ಅವುಗಳಲ್ಲಿವೆ. ಬಾಯಿಯಿಂದ ಹೊರಬೀಳದ ಗುಟ್ಟನ್ನು ನಾನು ರಿಪೇರಿ ಅಂಗಡಿಯ ಮೇಜಿನ ಮೇಲೆ ಎಂಟು ದಿನ ಇಟ್ಟು ಬಂದಿದ್ದೆನಲ್ಲ!

"ಕಂಪ್ಯೂಟರ್ ತೆರೆಯಲು ಪಾಸ್‌ವರ್ಡ್ ಇತ್ತಲ್ಲ?" ಎಂದು ನೀವು ಕೇಳಬಹುದು. ಇತ್ತು. ಆದರೆ ಅದು ಮುಂಬಾಗಿಲಿನ ಚಿಲಕ ಮಾತ್ರ. ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ, ಗೂಢಲಿಪಿಗೆ ಒಳಪಡದ ಕಡತಗಳೆಲ್ಲವೂ ಹಾಗೆಯೇ ತೆರೆದುಕೊಳ್ಳುತ್ತವೆ. ಅಳಿಸಿದ ಕಡತಗಳೂ ಅನೇಕ ವೇಳೆ ಮರಳಿ ದೊರೆಯುತ್ತವೆ. ಅಳಿಸುವುದೆಂದರೆ ಬಹುತೇಕ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದುಹಾಕಿದಂತೆ, ಪುಟಗಳು ಅಲ್ಲೇ ಇರುತ್ತವೆ. ನಿಜವಾದ ರಕ್ಷಣೆ ಬೇಕೆಂದರೆ ಬರಹವನ್ನೇ ಗೂಢಲಿಪಿಯಾಗಿಸಬೇಕು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆ ಬಂದಿದ್ದಾಗ ವೆರಾಕ್ರಿಪ್ಟ್ ಎಂಬ ತಂತ್ರಾಂಶವನ್ನು ಹಾಕಿಕೊಟ್ಟ. ಬೆಲೆ ಒಂದು ರೂಪಾಯಿಯೂ ಇಲ್ಲ. ಅದರಲ್ಲಿ ನಾವು ಒಂದು ದೊಡ್ಡ ಕಡತವನ್ನು ಸೃಷ್ಟಿಸುತ್ತೇವೆ, ಅದೇ ಪೆಟ್ಟಿಗೆ. ಪಾಸ್‌ವರ್ಡ್ ಕೊಟ್ಟೊಡನೆ ಆ ಪೆಟ್ಟಿಗೆ ಇನ್ನೊಂದು ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಿದರೆ, ಹೊರಗಿನವರಿಗೆ ಅದು ಅರ್ಥವಿಲ್ಲದ ಅಕ್ಷರರಾಶಿ. ಇಡೀ ಡಿಸ್ಕನ್ನೇ ಹೀಗೆ ಬೀಗದೊಳಗೆ ಇಡುವ ವ್ಯವಸ್ಥೆಯೂ ಅದರಲ್ಲಿದೆ. ಲಿನಕ್ಸ್ ಬಳಸುವವರಿಗೆ ಲಕ್ಸ್ ಎಂಬ ಉಚಿತ ಏರ್ಪಾಡು ಇದೆ.

"ಪುಕ್ಕಟೆ ಸಿಕ್ಕಿದ ಬೀಗವನ್ನು ನಂಬುವುದು ಹೇಗೆ?" ಎಂದು ನಾನೂ ಕೇಳಿದ್ದೆ. ಉತ್ತರ ದೊರೆತದ್ದು ನನ್ನಂಥದೇ ಭಾಷಾ ಮೇಷ್ಟ್ರೊಬ್ಬರಿಂದ. ಪ್ಯಾರಿಸ್‌ನಲ್ಲಿ ಜರ್ಮನ್ ಕಲಿಸುತ್ತಿದ್ದ, ಹಾಲೆಂಡ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬವರು 1883ರಲ್ಲಿಯೇ ಒಂದು ತತ್ತ್ವವನ್ನು ಮಂಡಿಸಿದರು: ಗೂಢಲಿಪಿಯ ವಿಧಾನ ಶತ್ರುವಿಗೆ ತಿಳಿದರೂ ಹಾನಿಯಾಗಬಾರದು, ಗುಟ್ಟು ಕೀಲಿಯಲ್ಲಿರಬೇಕು, ಬೀಗದ ರಚನೆಯಲ್ಲಲ್ಲ. 'ಕ' ಭಾಷೆ ಸೋಲುವುದು ಇಲ್ಲಿಯೇ. ಅದಕ್ಕೆ ಕೀಲಿಯೇ ಇಲ್ಲ; ಸೂತ್ರ ತಿಳಿದರೆ ಮುಗಿಯಿತು. ಆದರೆ ಬೆಲ್ಜಿಯಂನ ಇಬ್ಬರು ವಿದ್ವಾಂಸರು ರಚಿಸಿ, 2001ರಲ್ಲಿ ಅಮೆರಿಕ ಪ್ರಮಾಣಿತ ವಿಧಾನವನ್ನಾಗಿ ಅಂಗೀಕರಿಸಿದ ಎಇಎಸ್ ಎಂಬ ಗೂಢಲಿಪಿಯ ಸೂತ್ರವನ್ನು ಯಾರು ಬೇಕಾದರೂ ಓದಬಹುದು. ವೆರಾಕ್ರಿಪ್ಟ್ ಬಳಸುವ 256 ಬಿಟ್‌ಗಳ ಕೀಲಿಗಳ ಒಟ್ಟು ಸಾಧ್ಯತೆಗಳನ್ನು ಬರೆದರೆ ಅದು 78 ಅಂಕಿಗಳ ಸಂಖ್ಯೆಯಾಗುತ್ತದೆ.

ತಂತ್ರಾಂಶದ ಮೂಲಬರಹವೂ ಬಯಲಿನಲ್ಲಿದೆ. 2004ರಲ್ಲಿ ಬಂದ ಟ್ರೂಕ್ರಿಪ್ಟ್ ಎಂಬುದನ್ನು ಅದರ ಅನಾಮಧೇಯ ಕರ್ತೃಗಳು 2014ರ ಮೇ ತಿಂಗಳಲ್ಲಿ ಏಕಾಏಕಿ ಕೈಬಿಟ್ಟರು. ಆದರೆ ಆ ಮೂಲಬರಹವನ್ನೇ ಆಧರಿಸಿ 2013ರಲ್ಲಿ ವೆರಾಕ್ರಿಪ್ಟ್ ಆರಂಭವಾಗಿತ್ತು. ಹಾಗಾಗಿ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2016ರಲ್ಲಿ ಹೊರಗಿನ ತಜ್ಞರು ಇದನ್ನು ಪರಿಶೀಲಿಸಿ ಕೆಲವು ಗಂಭೀರ ದೋಷಗಳನ್ನು ಎತ್ತಿ ತೋರಿಸಿದಾಗ, ಹಲವನ್ನು ತಿದ್ದಿ ಹೊಸ ಆವೃತ್ತಿ ತಂದರು. ಉತ್ತರಪತ್ರಿಕೆಯನ್ನು ಬಚ್ಚಿಡುವ ಹುಡುಗನಿಗಿಂತ, ತಿದ್ದಲು ಮೇಜಿನ ಮೇಲಿಡುವ ಹುಡುಗನನ್ನು ನಂಬುವುದು ನನ್ನ ಜಾಯಮಾನ.

ಇನ್ನು ಕೆಲವರ ಆಕ್ಷೇಪ ಬೇರೆ. "ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಎನ್ನುತ್ತಾರೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಆ ಹಿರಿಯರಿಗೆ ಮುಚ್ಚಿಡಬೇಕಾದ ತಪ್ಪೇನೂ ಇರಲಿಲ್ಲ. ನನ್ನದೂ ಅದೇ ಮಾತು: ನನ್ನ ಕಂಪ್ಯೂಟರಿನಲ್ಲಿರುವುದು ನನ್ನದು ಮಾತ್ರವಲ್ಲ. ಪರರು ನಂಬಿ ಕೊಟ್ಟ ಒಡವೆಯನ್ನು ಜಗುಲಿಯ ಮೇಲೆ ಹರಡಿಡುವುದು ಪ್ರಾಮಾಣಿಕತೆಯಲ್ಲ, ಬೇಜವಾಬ್ದಾರಿ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು, ಬಹಳ ಜಾಗರೂಕ ಮನುಷ್ಯ, ತಮ್ಮ ಆತ್ಮಕಥನದ ಹಸ್ತಪ್ರತಿಯನ್ನೂ ಕುಟುಂಬದ ಹಳೆಯ ಭಾವಚಿತ್ರಗಳನ್ನೂ ಹೀಗೆಯೇ ಬೀಗ ಹಾಕಿ ಇಟ್ಟಿದ್ದರು. ಪಾಸ್‌ವರ್ಡ್ ಅವರ ತಲೆಯಲ್ಲಿ ಮಾತ್ರವಿತ್ತು. ಒಂದು ಬೆಳಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಮಕ್ಕಳು ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಪೆಟ್ಟಿಗೆ ತೆರೆಯಲಿಲ್ಲ. ಇಂಥ ಬೀಗಕ್ಕೆ ನಕಲಿ ಕೀಲಿ ಮಾಡಿಕೊಡುವ ಕಮ್ಮಾರನಿಲ್ಲ. ಕಳ್ಳನಿಂದ ಕಾಯುವ ಬೀಗ ಮಕ್ಕಳನ್ನೂ ಹೊರಗೆ ನಿಲ್ಲಿಸುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಬೀಗ ಹಾಕಿ, ಆದರೆ ಕೀಲಿಯನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಪಾಸ್‌ವರ್ಡ್ ಇಪ್ಪತ್ತು ಅಕ್ಷರಗಳಿಗಿಂತ ಉದ್ದವಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ಸಾಕು. ಮನೆದೇವರ ಹೆಸರು, ಮಗಳ ಜನ್ಮದಿನ, ಎಲ್ಲರಿಗೂ ಬಾಯಿಪಾಠವಿರುವ ಪದ್ಯದ ಸಾಲು ಬೇಡ. ಪೆಟ್ಟಿಗೆಯ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಡಿ. ಡಿಸ್ಕ್ ಕೆಟ್ಟರೆ ಗೂಢಲಿಪಿ ಅದನ್ನು ಉಳಿಸದು. ಪೆಟ್ಟಿಗೆ ತೆರೆದಿರುವಾಗ ವೈರಸ್ಸಿನಿಂದಲೂ ಅದು ಕಾಯಲಾರದೆಂಬುದು ನೆನಪಿರಲಿ.

ನಮ್ಮ ಮನೆಯ ಲಕೋಟೆ ಬೀರುವಿನಲ್ಲಿ, ಪಿಂಚಣಿ ಕಾಗದಗಳ ಜೊತೆಗಿದೆ. ಶ್ರೀಮತಿ ಅದನ್ನು ನೋಡಿ, "ಆ ಹುಡುಗರ ಪತ್ರಗಳನ್ನು ನಾನೂ ಓದಬಹುದೇನು?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಆ ಪತ್ರಗಳಿಗೆ ಬೇರೆಯೇ ಒಂದು ಪೆಟ್ಟಿಗೆ ಮಾಡಿದೆ. ಅದರ ಕೀಲಿಯನ್ನು ಮಾತ್ರ ಯಾವ ಲಕೋಟೆಯಲ್ಲಿಯೂ ಇಟ್ಟಿಲ್ಲ. ನನ್ನೊಡನೆ ಅದು ಮುಚ್ಚಿಹೋಗುವುದೇ ನ್ಯಾಯವೆಂದು ನನಗೆ ತೋರಿತು.

ನನಗೆ ಎಂದಾದರೂ ಮನಸ್ಸು ಬಿಚ್ಚಿ ಬರೆದವರು ಇದನ್ನು ಓದುತ್ತಿದ್ದರೆ, ಒಂದು ಕೋರಿಕೆ. ನಿಮ್ಮ ಪತ್ರ ಮರಳಿ ಬೇಕಿದ್ದರೆ ಕಳಿಸುತ್ತೇನೆ. ನಾಶಮಾಡಬೇಕೆಂದರೆ ಕಾಗದವನ್ನೂ ಪ್ರತಿಯನ್ನೂ ನಾಶಮಾಡುತ್ತೇನೆ. ಕಾರಣ ಹೇಳಬೇಕಾಗಿಲ್ಲ, ಒಂದು ಸಾಲು ಬರೆದರೆ ಸಾಕು. ಎಂಟು ದಿನ ನಿಮ್ಮ ನಂಬಿಕೆಯನ್ನು ಬಯಲಿನಲ್ಲಿಟ್ಟ ತಪ್ಪಿಗೆ ಕ್ಷಮೆಯಿರಲಿ.

ಎಲ್ಲರಿಗೂ ಶುಭವಾಗಲಿ.