ಗ್ರಹಣ ಬರುವ ಮುನ್ನ ಪಾಠ ಶುರುವಾಗಲಿ

2027ರ ಆಗಸ್ಟ್ 2, ಸೋಮವಾರ. ಅಂದು ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮರೆಯಾಗುತ್ತಾನೆ. ಕರ್ನಾಟಕದಲ್ಲಿ ಅದೇ ಗ್ರಹಣ ಸಂಜೆಯ ಹೊತ್ತಿಗೆ ಪಾರ್ಶ್ವವಾಗಿ ಕಾಣಲಿದೆ. ಅದು ಶಾಲೆ ಬಿಡುವ ಸಮಯ. ಲಕ್ಷಾಂತರ ಮಕ್ಕಳು ದಾರಿಯಲ್ಲಿರುತ್ತಾರೆ, ಕುತೂಹಲಕ್ಕೆ ತಲೆ ಎತ್ತಿಯೇ ಎತ್ತುತ್ತಾರೆ. ಅವರನ್ನು ಸಜ್ಜುಗೊಳಿಸುವ ಕೆಲಸ ಈಗಲೇ ಆರಂಭವಾಗದಿದ್ದರೆ ಅಂದು ನಮಗೆ ಉಳಿಯುವುದು ಎರಡೇ ದಾರಿ: ಕಣ್ಣಿಗೆ ಅಪಾಯ, ಇಲ್ಲವೇ ಮುಚ್ಚಿದ ಬಾಗಿಲು.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ಈ ಎಚ್ಚರಿಕೆಯನ್ನು ಆಗಲೇ ಕೊಟ್ಟಿದೆ. ಮಂಗಳೂರಿನಲ್ಲಿ ಜನ ಸೂರ್ಯನ ಬಳೆಯನ್ನು ನೋಡಿ ಸಂಭ್ರಮಿಸಿದ ದಿನವೇ, ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾದೀತೆಂಬ ನಂಬಿಕೆಯಿಂದ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೆತ್ತವರಿಗೆ ಪ್ರೀತಿಯ ಕೊರತೆ ಇರಲಿಲ್ಲ. ಗ್ರಹಣವೆಂದರೆ ನೆರಳು ಎಂಬುದು ಅವರ ಮನಸ್ಸಿಗೆ ಮುಟ್ಟಿರಲಿಲ್ಲ.

ಪಠ್ಯದಲ್ಲಿ ಗ್ರಹಣವಿದೆ, ಚಂದ್ರನ ಕಲೆಗಳ ಚಿತ್ರವೂ ಇದೆ. ಆದರೆ ಚಂದ್ರನನ್ನು ನೋಡಿ ಬಾ ಎಂದು ಮಕ್ಕಳಿಗೆ ಹೇಳುವುದು ಅಪರೂಪ. ಹೀಗಾಗಿ ಪರೀಕ್ಷೆಯಲ್ಲಿ ಸರಿ ಉತ್ತರ ಬರೆದ ಮಗುವೂ ಬಿದಿಗೆಯ ಚಂದ್ರ ಸಣ್ಣಗಾಗಿರುವುದು ಭೂಮಿಯ ನೆರಳಿನಿಂದ ಎಂದೇ ನಂಬಿರುತ್ತದೆ. ಆ ತಪ್ಪು ತಿಳಿವಳಿಕೆ ಅಂಕಪಟ್ಟಿಯಲ್ಲಿ ಕಾಣದು.

ಇದನ್ನು ತಿದ್ದಲು ದುಡ್ಡು ಬೇಕಿಲ್ಲ. ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯಲಿ. ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆರಡು ಬಾರಿ ನಡುಹಗಲು ನೆರಳು ಕಾಲಬುಡದಲ್ಲೇ ಅಡಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಚಂದ್ರನ ಚಿತ್ರ ಬರೆಯಲಿ. ಅಜ್ಜ ಹೇಳುವ ಮಳೆ ನಕ್ಷತ್ರ ಸೂರ್ಯ ನಿಂತ ಜಾಗವೆಂದು ಅರಿಯಲಿ. ಒನಕೆ ಗ್ರಹಣದಂದು ಮಾತ್ರ ನೆಟ್ಟಗೆ ನಿಲ್ಲುತ್ತದೆಂದು ಮನೆಯಲ್ಲಿ ಹೇಳಿದರೆ, ಬೇರೆ ದಿನವೂ ನಿಲ್ಲಿಸಿ ನೋಡಲಿ.

ಗ್ರಹಣದಂದು ರಟ್ಟಿನಲ್ಲಿ ಸೂಜಿರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಳಿ ಹಾಳೆಯ ಮೇಲೆ ಬಿಂಬ ಮೂಡಿಸಬಹುದು. ಹೊಂಗೆ ಮರದ ಎಲೆಗಳ ಸಂದಿನ ಬೆಳಕೂ ನೆಲದಲ್ಲಿ ಗ್ರಹಣ ಹಿಡಿದ ಸೂರ್ಯನ ಬಿಂಬಗಳನ್ನು ಚೆಲ್ಲುತ್ತದೆ. ನೇರ ನೋಡಲು ಪ್ರಮಾಣಿತ ಗ್ರಹಣ ಕನ್ನಡಕವೇ ಬೇಕು. ಎಕ್ಸ್‌-ರೇ ಫಿಲ್ಮು, ಮಸಿ ಹಿಡಿಸಿದ ಗಾಜು ಸಲ್ಲದು. ಅಕ್ಷಿಪಟಕ್ಕೆ ನೋವು ತಿಳಿಯದು, ಹಾನಿಯಾದ ಮೇಲಷ್ಟೇ ಗೊತ್ತಾಗುತ್ತದೆ.

ಆಗಸ್ಟ್ 2 ಎಂದರೆ ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವ ಸಮಯ. ಕರಾವಳಿ, ಮಲೆನಾಡಿನಲ್ಲಿ ಮೋಡ ಮುಸುಕಬಹುದು. ಆದ್ದರಿಂದ ಪಾಠ ಆ ಒಂದು ಸಂಜೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಶಿಕ್ಷಣ ಇಲಾಖೆ ಕ್ಲಸ್ಟರ್ ಸಭೆಗಳಲ್ಲಿ ಶಿಕ್ಷಕರಿಗೆ ಕೈಯಾರೆ ಮಾಡಿಸಿ ಕಲಿಸಲಿ, ಕನ್ನಡಕಗಳನ್ನು ಮುಂಚೆಯೇ ತರಿಸಲಿ, ಗ್ರಹಣದ ದಿನ ರಜೆ ಕೊಡುವುದಿಲ್ಲವೆಂದು ಈಗಲೇ ಸುತ್ತೋಲೆ ಹೊರಡಿಸಲಿ. ಜುಲೈ ಕೊನೆಯಲ್ಲಿ ಎಚ್ಚೆತ್ತರೆ ಹೆದರಿಕೆ ಹಂಚಬಹುದೇ ಹೊರತು ತಿಳಿವಳಿಕೆಯನ್ನಲ್ಲ.