ಬಾಬೂರಾವ್ ಯಾರ ಸೊತ್ತು?

ಸೊಂಟಕ್ಕೊಂದು ಧೋತರ, ಮೈಮೇಲೊಂದು ಬನೀನು, ಮೂಗಿನ ಮೇಲೆ ಸೋಡಾಬುಡ್ಡಿಯಂತಹ ಕನ್ನಡಕ: ಈ ವೇಷವನ್ನು ೨೦೨೫ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ನಟನೊಬ್ಬನು ಅನುಕರಿಸಿ ತೋರಿಸಿದನು. ಜನ ನಕ್ಕರು; ಚಿತ್ರನಿರ್ಮಾಪಕರಾದ ಫಿರೋಜ್ ನಾಡಿಯಾದ್‌ವಾಲಾ ಅವರು ಮಾತ್ರ ನಗಲಿಲ್ಲ. ಬಾಬೂರಾವ್ ಎಂಬ ಪಾತ್ರವು ತಮ್ಮ ನೋಂದಾಯಿತ ಸೊತ್ತು, ಅನುಮತಿಯಿಲ್ಲದೆ ಅದನ್ನು ಬಳಸಿದ್ದಕ್ಕೆ ೨೫ ಕೋಟಿ ರೂಪಾಯಿ ತೆರಬೇಕು ಎಂದು ವಕೀಲರ ಮೂಲಕ ನೋಟೀಸು ಕೊಡಿಸಿದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅದಕ್ಕೆ ನಾಲ್ಕು ತಿಂಗಳ ಹಿಂದೆಯಷ್ಟೇ, ಅದೇ ಪಾತ್ರವನ್ನು ಇಪ್ಪತ್ತೈದು ವರ್ಷ ಹೊತ್ತಿದ್ದ ಪರೇಶ್ ರಾವಲ್ ಅವರು ಮೂರನೆಯ ಚಿತ್ರದಿಂದ ಹೊರಬಂದಾಗ, ಅಕ್ಷಯ್ ಕುಮಾರರ ನಿರ್ಮಾಣಸಂಸ್ಥೆಯವರು ಅವರ ಮೇಲೆಯೂ ೨೫ ಕೋಟಿಯ ನೋಟೀಸನ್ನೇ ಕೊಟ್ಟಿದ್ದರು. ಬಾಡಿಗೆ ಬಾರದ ಎರಡು ಕೋಣೆಗಳನ್ನು ನೆಚ್ಚಿಕೊಂಡು ಬದುಕುವ ಒಬ್ಬ ಕಲ್ಪಿತ ಬಡವನ ಹೆಸರಿನಲ್ಲಿ ಒಂದೇ ವರ್ಷದಲ್ಲಿ ಐವತ್ತು ಕೋಟಿಯ ದಾವೆಯ ಮಾತು ಎದ್ದಿತೆಂದರೆ, ಇದನ್ನು ಸಿನಿಮಾದವರ ಮನೆಜಗಳವೆಂದು ತಳ್ಳಿಬಿಡುವುದು ಯುಕ್ತವಲ್ಲವೆಂದು ನಮಗೆ ತೋರುತ್ತದೆ.

ವಿಷಯವೇನೆಂಬುದನ್ನು ಚಿತ್ರ ನೋಡದ ವಾಚಕರಿಗಾಗಿ ಹೇಳಬೇಕಾಗಿದೆ. ೨೦೦೦ದ ಮಾರ್ಚ್ ೩೧ರಂದು ತೆರೆಗೆ ಬಂದ 'ಹೇರಾ ಫೇರಿ' ಎಂಬ ಹಿಂದೀ ಚಿತ್ರವನ್ನು ಪ್ರಿಯದರ್ಶನ್ ನಿರ್ದೇಶಿಸಿದರು. ತಂದೆ ತೀರಿಹೋದ ಬ್ಯಾಂಕಿನಲ್ಲಿ ಅವರ ಜಾಗದ ನೌಕರಿಗಾಗಿ ಅಲೆಯುವ ಶ್ಯಾಮನು ನಮ್ಮ ಮುಲ್ಕಿ ಸೀಮೆಯ ಮೂಲದ ಸುನೀಲ್ ಶೆಟ್ಟಿ. ದೊಡ್ಡ ಕೆಲಸದಲ್ಲಿದ್ದೇನೆಂದು ತಾಯಿಗೆ ಸುಳ್ಳು ಹೇಳಿಕೊಂಡು ತಿರುಗುವ ರಾಜುವು ಅಕ್ಷಯ್ ಕುಮಾರ್. ಇವರಿಬ್ಬರಿಗೆ ಮನೆ ಕೊಟ್ಟು ಬಾಡಿಗೆ ಕಾಣದ ಗರಾಜಿನ ಯಜಮಾನ ಬಾಬೂರಾವ್ ಗಣಪತರಾವ್ ಆಪ್ಟೆಯು ಪರೇಶ್ ರಾವಲ್. ಒಬ್ಬ ಧನಿಕನಿಗೆ ಹೋಗಬೇಕಾಗಿದ್ದ ಟೆಲಿಫೋನ್ ಕರೆಯು ದಾರಿತಪ್ಪಿ ಇವರ ಗರಾಜಿಗೆ ಬರುತ್ತದೆ. ಆ ಧನಿಕನ ಮೊಮ್ಮಗಳನ್ನು ಅಪಹರಿಸಿದವನು ಹಣ ಕೇಳುತ್ತಾನೆ. ಕೇಳಿದ ಮೊತ್ತಕ್ಕೆ ತಮ್ಮ ಪಾಲನ್ನೂ ಸೇರಿಸಿ ಧನಿಕನಿಂದ ವಸೂಲು ಮಾಡೋಣವೆಂದು ಈ ಮೂವರು ಹೊರಡುವುದೇ ಕಥೆ. ತೆರೆಗೆ ಬಂದಾಗ ಅಷ್ಟೇನೂ ದೊಡ್ಡ ಗಳಿಕೆ ಮಾಡದ ಈ ಚಿತ್ರವು, ಟೆಲಿವಿಷನ್ನಿನಲ್ಲಿ ಮತ್ತೆ ಮತ್ತೆ ಬಂದು, ಆಮೇಲೆ ಕೈಫೋನುಗಳಲ್ಲಿ ತುಣುಕುತುಣುಕಾಗಿ ಹರಿದಾಡಿ, ಒಂದು ತಲೆಮಾರಿನ ಮನೆಮಾತಾಯಿತು. ಅದರ ಇಂದಿನ ಬೆಲೆಯ ಬಹುಭಾಗವನ್ನು ಕಟ್ಟಿದವರು ಪ್ರೇಕ್ಷಕರೇ ಎಂಬುದನ್ನು ಇಲ್ಲಿ ನೆನಪಿಡತಕ್ಕದ್ದು.

೨೦೦೬ರಲ್ಲಿ 'ಫಿರ್ ಹೇರಾ ಫೇರಿ' ಬಂದಿತು. ಅಲ್ಲಿಂದಾಚೆ ಮೂರನೆಯದರ ಮಾತು ನಡೆಯುತ್ತಲೇ ಬಂದಿತಲ್ಲದೆ ೨೦೨೫ರ ಅಂತ್ಯದವರೆಗೂ ಚಿತ್ರ ತೆರೆಗೆ ಬರಲಿಲ್ಲ. ಈ ನಡುವೆ ಹೊಸ ನಟರಿಂದ ಅದನ್ನು ನಡೆಸುವ ಯತ್ನಗಳು ಎರಡು ಬಾರಿ ಆದವು. ಮೊದಲು ಅಭಿಷೇಕ್ ಬಚ್ಚನ್, ಜಾನ್ ಅಬ್ರಹಾಮ್ ಇವರ ಹೆಸರುಗಳು ಪ್ರಕಟವಾದವು. ಅದು ಅಲ್ಲಿಗೇ ನಿಂತಿತು. ೨೦೨೨ರ ನವೆಂಬರಿನಲ್ಲಿ ಅಕ್ಷಯ್ ಕುಮಾರರು ತಾವು ಈ ಚಿತ್ರದಲ್ಲಿ ಇಲ್ಲವೆಂದು ಸಭೆಯೊಂದರಲ್ಲಿ ಹೇಳಿ ಅಭಿಮಾನಿಗಳ ಕ್ಷಮೆ ಕೇಳಿದರು. ಕಾರ್ತಿಕ್ ಆರ್ಯನ್ ಬರುವರೆಂದು ಪರೇಶ್ ರಾವಲ್ ಅವರೇ ಖಚಿತಪಡಿಸಿದರು. ರಾಜುವಿಲ್ಲದೆ ಹೇರಾ ಫೇರಿಯೇ ಇಲ್ಲವೆಂಬ ಕೋಲಾಹಲವೆದ್ದಿತು. ಕೆಲವೇ ತಿಂಗಳಲ್ಲಿ, ೨೦೨೩ರ ಆದಿಯಲ್ಲಿ, ಹಳೆಯ ಮೂವರೇ ಮರಳಿದ ಸುದ್ದಿ ಬಂದಿತು. ಹೊಸ ತಂಡದ ಆಸೆ ನಿರ್ಮಾಪಕರಿಗೆ ಹುಟ್ಟಿದ್ದು ಏಕೆಂಬುದೂ ಗುಟ್ಟೇನಲ್ಲ. ೨೦೨೨ರ ಮೇ ತಿಂಗಳಿನಲ್ಲಿ 'ಭೂಲ್ ಭುಲೈಯಾ' ಚಿತ್ರದ ಎರಡನೆಯ ಭಾಗವು ಅಕ್ಷಯ್ ಕುಮಾರರ ಬದಲು ಕಾರ್ತಿಕ್ ಆರ್ಯನ್‌ರನ್ನು ಮುಂದಿಟ್ಟುಕೊಂಡು ಇನ್ನೂರು ಕೋಟಿಗೂ ಮಿಕ್ಕಿ ಗಳಿಸಿತ್ತು. (ನಮ್ಮವರು 'ಆಪ್ತಮಿತ್ರ'ವೆಂದು ೨೦೦೪ರಲ್ಲಿ ಕಂಡುಂಡ ಮಲೆಯಾಳೀ ಕಥೆಯೇ ಅದು.) ಒಂದು ಅಂಗಡಿಯಲ್ಲಿ ಹೋದ ಮಾಲು ಇನ್ನೊಂದರಲ್ಲಿ ಹೋಗದೆ? ಎಂಬುದು ಅವರ ಎಣಿಕೆ.

ಆ ಎಣಿಕೆ ತಪ್ಪಿತು. ಆದರೆ ಕೂಗೆಬ್ಬಿಸಿದ ಅಭಿಮಾನಿಗಳ ಎಣಿಕೆಯೂ ಸರಿಯಲ್ಲವೆಂದು ನಾವು ಹೇಳಬೇಕಾಗಿದೆ. ಏಕೆಂದರೆ 'ಹೇರಾ ಫೇರಿ'ಯೇ ಹೊಸ ತಂಡದಿಂದ ಹಳೆಯ ಹಾಸ್ಯವನ್ನು ಎಬ್ಬಿಸಿದ ಉದಾಹರಣೆಯಾಗಿದೆ! ೧೯೮೯ರಲ್ಲಿ ಸಿದ್ದೀಕ್ ಮತ್ತು ಲಾಲ್ ಎಂಬ ಇಬ್ಬರು ತರುಣರು ಮಲೆಯಾಳದಲ್ಲಿ 'ರಾಮ್‌ಜಿರಾವ್ ಸ್ಪೀಕಿಂಗ್' ಎಂಬ ತಮ್ಮ ಮೊದಲನೆಯ ಚಿತ್ರವನ್ನು ಬರೆದು ನಿರ್ದೇಶಿಸಿದರು. ಅಲ್ಲಿ ಗರಾಜಿಲ್ಲ, ದಿವಾಳಿಯೆದ್ದ ಒಂದು ನಾಟಕಮಂಡಳಿಯಿದೆ. ಅದರ ಮಾಲೀಕ ಮನ್ನಾರ್ ಮತ್ತಾಯಿಯಾಗಿ ಇನ್ನೊಸೆಂಟ್ ಅವರೂ, ಆಶ್ರಯ ಪಡೆದವರಾಗಿ ಮುಕೇಶ್, ಸಾಯಿಕುಮಾರ್ ಇವರೂ ನಟಿಸಿದ್ದರು. ಆ ಕಥೆಯ ಬೇರೂ ಇನ್ನೂ ಆಚೆ, ೧೯೭೧ರ 'ಸೀ ದ ಮ್ಯಾನ್ ರನ್' ಎಂಬ ಅಮೇರಿಕದ ಟೆಲಿವಿಷನ್ ಚಿತ್ರದಲ್ಲಿದೆಯೆಂದು ಬಲ್ಲವರು ತೋರಿಸಿಕೊಟ್ಟಿದ್ದಾರೆ. 'ಹೇರಾ ಫೇರಿ' ಎಂಬ ಹೆಸರಾದರೂ ೧೯೭೬ರ ಅಮಿತಾಭ್ ಬಚ್ಚನ್ ಚಿತ್ರಕ್ಕೆ ಒಮ್ಮೆ ಸಂದಿದ್ದ ಹೆಸರು. ಹೀಗೆ ಕಥೆಯೂ ಎರವಲು, ಹೆಸರೂ ಹಳೆಯದು, ಪಾತ್ರವೂ ಇನ್ನೊಬ್ಬನು ತೊಟ್ಟು ಬಿಟ್ಟ ಅಂಗಿ. ೧೯೮೯ರಲ್ಲಿ ಕೊಚ್ಚಿಯ ಪ್ರೇಕ್ಷಕನೊಬ್ಬನು 'ಇನ್ನೊಸೆಂಟ್ ಇಲ್ಲದೆ ಈ ಪಾತ್ರವೇ ಇಲ್ಲ' ಎಂದು ಹಟ ಹಿಡಿದಿದ್ದರೆ ಪರೇಶ್ ರಾವಲ್‌ರ ಬಾಬೂರಾವ್ ಹುಟ್ಟುತ್ತಲೇ ಇರಲಿಲ್ಲ.

ಹಾಗಾದರೆ ಹಳೆಯ ಮುಖಗಳಿದ್ದರೆ ಸಾಕೆ? ಅದಕ್ಕೂ ಮಲೆಯಾಳದಲ್ಲಿಯೇ ಉತ್ತರವಿದೆ. ೧೯೯೫ರ 'ಮನ್ನಾರ್ ಮತ್ತಾಯಿ ಸ್ಪೀಕಿಂಗ್' ಸಿದ್ದೀಕ್-ಲಾಲರ ಬರಹದಿಂದ ಜನಪ್ರಿಯವಾಯಿತು. ೨೦೧೪ರಲ್ಲಿ ಅದರ ಮುಂದಿನ ಭಾಗವನ್ನು ಬೇರೆಯವರು ಮಾಡಿದರು. ಇನ್ನೊಸೆಂಟ್, ಮುಕೇಶ್, ಸಾಯಿಕುಮಾರ್ ಮೂವರೂ ಇದ್ದರು; ಮೊದಲಿನ ನಗು ಮಾತ್ರ ಇರಲಿಲ್ಲ. ಹೊಸ ಮುಖಗಳಿಂದ ೨೦೦೦ದಲ್ಲಿ ಗೆದ್ದದ್ದು ಹಳೆಯ ಮುಖಗಳಿಂದಲೇ ೨೦೧೪ರಲ್ಲಿ ಸೋತಿತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ, ಗಂಟು ನಟನ ಮುಖದಲ್ಲಿಲ್ಲವೆಂಬುದು ಹೊಳೆಯದಿರದು.

ಗಂಟು ಇರುವುದು ಹಸಿವಿನಲ್ಲಿ. ಆ ಮೂವರ ಎಲ್ಲ ಹಾಸ್ಯವೂ ಸಾಲ, ಬಾಡಿಗೆ, ನಿರುದ್ಯೋಗ, ಸುಳ್ಳು ಮರ್ಯಾದೆ ಇವುಗಳಿಂದ ಹುಟ್ಟಿದೆ. ಅನುಕಂಪದ ಆಧಾರದ ನೌಕರಿಗಾಗಿ ಮೃತನ ಮನೆಯವರು ಕಛೇರಿ ಕಛೇರಿ ಸುತ್ತುವುದು, ಮನೆಗೊಂದು ಟೆಲಿಫೋನ್ ಇರುವುದೇ ಸಿರಿತನವೆನಿಸಿದ್ದು, ಬಂದ ಕರೆ ಯಾರದೆಂದು ಎತ್ತುವವರೆಗೆ ತಿಳಿಯದಿದ್ದುದು: ೧೯೮೯ರ ಕೇರಳದಲ್ಲಿಯೂ ೨೦೦೦ದ ಮುಂಬಯಿಯಲ್ಲಿಯೂ ಇವೆಲ್ಲ ಪ್ರೇಕ್ಷಕನ ಮನೆಯ ಮಾತುಗಳಾಗಿದ್ದವು. ಸಂಭಾಷಣೆ ಬರೆದ ನೀರಜ್ ವೋರಾ ಅವರು ಮಲೆಯಾಳದ ನಾಟಕದವನನ್ನು ಎತ್ತಿ ಮುಂಬಯಿಯಲ್ಲಿ ಕೂರಿಸಿ, ಅವನ ಬಾಯಿಗೆ ಮರಾಠೀ ವಾಸನೆಯ ಹಿಂದಿಯನ್ನಿಟ್ಟರು. ಅದು ಭಾಷಾಂತರವಲ್ಲ, ನಾಟಿ. ಎರಡನೆಯ ಚಿತ್ರವನ್ನು ತಾವೇ ನಿರ್ದೇಶಿಸಿದಾಗಲೂ ಅವರು ಕಥೆಯ ಕೀಲನ್ನು ಹಣ ಇಮ್ಮಡಿ ಮಾಡಿಕೊಡುವ ಮೋಸದ ಕಂಪನಿಯ ಮೇಲಿಟ್ಟರು. ಇಂತಹ ಕಂಪನಿಗಳಲ್ಲಿ ಗಂಟು ಕಳೆದುಕೊಂಡ ಮನೆಗಳು ನಮ್ಮ ಊರುಗಳಲ್ಲಿಯೂ ಎಷ್ಟಿಲ್ಲ? ಇಂದು ತಪ್ಪು ಕರೆಯ ಕಥೆ ನಡೆಯದು; ಕರೆದವನ ಹೆಸರು ಕೈಯಲ್ಲಿಯೇ ಮೂಡುತ್ತದೆ. ಅದರ ಬದಲು, ಪೋಲೀಸರೆಂದು ಹೇಳಿಕೊಂಡು ಚಿತ್ರಕರೆಯಲ್ಲಿಯೇ ಮುದುಕರನ್ನು 'ಬಂಧಿಸಿ' ಬ್ಯಾಂಕಿನ ಖಾತೆ ಬರಿದು ಮಾಡುವವರಿದ್ದಾರೆ. ಹತ್ತು ನಿಮಿಷದಲ್ಲಿ ಸಾಲ ಕೊಟ್ಟು ಹನ್ನೊಂದನೆಯ ನಿಮಿಷದಿಂದ ಮಾನ ಕಳೆಯುವವರಿದ್ದಾರೆ. ಬಾಬೂರಾವನ ಕೈಗೆ ಇಂದು ಸಿಕ್ಕಬೇಕಾದದ್ದು ಆ ಫೋನು. ಅದನ್ನು ಬರೆಯಬಲ್ಲ ಲೇಖಕನು ಸಿಕ್ಕಿದನೆಂಬ ಸುದ್ದಿಗಿಂತ, ಯಾವ ನಟನಿಗೆ ಎಷ್ಟು ಕೋಟಿಯೆಂಬ ಸುದ್ದಿಯೇ ಹೆಚ್ಚಾಗಿ ಬಂದಿತೆಂಬುದು ವ್ಯಸನದ ಸಂಗತಿ.

ಪಾತ್ರವು ಕೈಯಿಂದ ಕೈಗೆ ಸಾಗುವುದು ನಮ್ಮ ರಂಗಭೂಮಿಗೆ ಹೊಸತಲ್ಲ. 'ಸದಾರಮೆ'ಯ ಕಳ್ಳನೆಂದರೆ ಗುಬ್ಬಿ ವೀರಣ್ಣನವರೇ ಎಂಬಷ್ಟು ಆ ಪಾತ್ರಕ್ಕೆ ಅವರು ಅಂಟಿಕೊಂಡಿದ್ದರು. ಆದರೂ ಅವರ ತರುವಾಯ ಎಷ್ಟೋ ಕಳ್ಳರು ಆ ನಾಟಕದಲ್ಲಿ ಬಂದು ಹೋದರು, ಜನ ಹೋಲಿಸಿ ನೋಡಿದರು, ಮೆಚ್ಚಿದರು, ಬೈದರು. ಕೆ. ಹಿರಣ್ಣಯ್ಯನವರು ೧೯೫೩ರಲ್ಲಿ ಗತಿಸಿದ ಮೇಲೆ ಅವರ ಮಂಡಳಿಯ ಭಾರವನ್ನು ಹೊತ್ತ ಮಗ ಮಾಸ್ಟರ್ ಹಿರಣ್ಣಯ್ಯನವರು ತಂದೆಯ ನೆರಳಾಗಿ ಉಳಿಯಲಿಲ್ಲ. 'ಲಂಚಾವತಾರ'ದ ಮಾತುಗಳಿಗೆ ಆಯಾ ದಿನದ ರಾಜಕೀಯವನ್ನು ಬೆರೆಸಿ ಅದನ್ನು ಹಳಸಗೊಡಲಿಲ್ಲ. ರಂಗದ ಮೇಲೆ ಪ್ರತಿರಾತ್ರಿಯೂ ಪಾತ್ರ ಹೊಸದಾಗಿ ಹುಟ್ಟಬೇಕಾದ್ದರಿಂದ ಅದನ್ನು ಒಬ್ಬನ ಮುಖಕ್ಕೆ ಮೊಳೆ ಹೊಡೆಯಲು ಬರುವುದಿಲ್ಲ. ಸಿನಿಮಾ ಆ ಮೊಳೆಯನ್ನು ಹೊಡೆಯಿತು. ಇಪ್ಪತ್ತೈದು ವರ್ಷದ ಹಿಂದಿನ ಅದೇ ಕೆನ್ನೆ, ಅದೇ ಕೆಮ್ಮು, ನೋಡಿದಾಗಲೆಲ್ಲ ಹಾಗೆಯೇ ಇರುತ್ತದೆ. ಹೊಸಬನು ಬಂದರೆ ಅವನು ಸೆಣಸಬೇಕಾದದ್ದು ಮುಪ್ಪಿಲ್ಲದ ಎದುರಾಳಿಯೊಡನೆ.

ಈ ಮೊಳೆಯ ನೋವು ನಟನಿಗೂ ಇದೆ. ೨೦೦೧ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದುಕೊಟ್ಟ ಈ ಪಾತ್ರವೇ ತಮ್ಮ ಕೊರಳಿಗೆ ಕುಣಿಕೆಯಾಗಿದೆಯೆಂಬ ಅರ್ಥದ ಮಾತನ್ನು ಪರೇಶ್ ರಾವಲ್ ಅವರು ಬಹಿರಂಗವಾಗಿಯೇ ಆಡಿದ್ದಾರೆ. ಗುಜರಾತೀ ರಂಗಭೂಮಿಯಿಂದ ಬಂದು, ಕೇತನ್ ಮೆಹತಾರ 'ಸರ್ದಾರ್' ಚಿತ್ರದಲ್ಲಿ ವಲ್ಲಭಭಾಯಿ ಪಟೇಲರನ್ನು ಕಣ್ಣಿಗೆ ಕಟ್ಟಿದಂತೆ ತೋರಿಸಿದ ನಟನಿಗೆ ಬೀದಿಯಲ್ಲಿ ಸಿಕ್ಕವರೆಲ್ಲ 'ಬಾಬೂ ಭಯ್ಯಾ' ಎಂದರೆ ಬೇಸರ ಬಾರದೆ? ಅವರು ಮುಂಗಡದ ೧೧ ಲಕ್ಷವನ್ನು ಬಡ್ಡಿಸಹಿತ ಹಿಂತಿರುಗಿಸಿ ಹೊರನಡೆದರೆಂದೂ, ಆಮೇಲೆ ರಾಜಿಯಾಗಿ ಮರಳಿದರೆಂದೂ ವರದಿಗಳು ಬಂದವು. ಕರಾರಿಗೆ ರುಜು ಹಾಕಿದ ಮೇಲೆ ನಡುವೆ ಬಿಡುವುದು ಸರಿಯೇ ಎಂಬುದು ಬೇರೆ ಪ್ರಶ್ನೆ; ಕರಾರು ಮುರಿದವನು ನಷ್ಟ ತುಂಬಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಮುಖ್ಯನಟನು ಹಿಂಜರಿದೊಡನೆ ಇಡೀ ಚಿತ್ರವೇ ತತ್ತರಿಸುವಂತಿದ್ದರೆ, ಆ ಚಿತ್ರಕ್ಕೆ ಬರಹದ ಬೆನ್ನೆಲುಬು ಎಷ್ಟಿತ್ತೆಂದು ಕೇಳುವ ಹಕ್ಕು ನಮಗಿದೆ.

ಇನ್ನು ಒಡೆತನದ ಮಾತು. ನಮ್ಮ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಚಲಚ್ಚಿತ್ರದ 'ಕರ್ತೃ'ವೆಂದರೆ ನಿರ್ಮಾಪಕನೇ. ನಟನು ತನ್ನ ಅಭಿನಯವನ್ನು ಚಿತ್ರದಲ್ಲಿ ಸೇರಿಸಲು ಬರಹದಲ್ಲಿ ಒಪ್ಪಿದನೆಂದರೆ ಆ ಚಿತ್ರದ ಬಳಕೆಗೆ ಆಮೇಲೆ ಅಡ್ಡಬರುವಂತಿಲ್ಲ. ೨೦೧೨ರ ತಿದ್ದುಪಡಿಯು ಲೇಖಕರಿಗೂ ಸಂಗೀತಗಾರರಿಗೂ ನಟರಿಗೂ ಗೌರವಧನದ ಹಕ್ಕನ್ನು ಸ್ವಲ್ಪಮಟ್ಟಿಗೆ ಒದಗಿಸಿತು; ಅದು ಕೈಗೆ ಬರುವುದು ಎಷ್ಟು ಜನಕ್ಕೋ! ಸಿನಿಮಾದ ಪಾತ್ರವೊಂದರ ವೈಶಿಷ್ಟ್ಯಕ್ಕೆ ರಕ್ಷಣೆ ದೊರೆಯಬಹುದೆಂದು ೨೦೧೬ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು 'ಚುಲ್‌ಬುಲ್ ಪಾಂಡೆ'ಯ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ. ಆದ್ದರಿಂದ ನಿರ್ಮಾಪಕರ ವಾದವು ಬುಡವಿಲ್ಲದ್ದೇನೂ ಅಲ್ಲ. ಇನ್ನೊಬ್ಬನು ಬಾಬೂರಾವ್ ಎಂಬ ಹೆಸರಿಟ್ಟು ಚಿತ್ರ ಮಾಡಿ ದುಡ್ಡು ಬಾಚಿದರೆ ತಡೆಯುವುದು ನ್ಯಾಯವೇ.

ಆದರೆ ಅನುಕರಣೆಯೂ ಅಪರಾಧವೆಂದಾದರೆ ಅದರ ಪೆಟ್ಟು ಬೀಳುವುದು ನೆಟ್‌ಫ್ಲಿಕ್ಸ್ ಕಂಪನಿಗಲ್ಲ; ಅದಕ್ಕೆ ವಕೀಲರ ಬರವಿಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ನಟರ ಧ್ವನಿ ತೆಗೆದು ನಗಿಸಿ, ಸಂಭಾವನೆಯ ಲಕ್ಕೋಟೆ ಪಡೆದು ರಾತ್ರಿ ಬಸ್ಸಿಗೆ ಊರಿಗೆ ಮರಳುವ ಸಾವಿರಾರು ಕಲಾವಿದರಿದ್ದಾರೆ. ಅವರ ವಿದ್ಯೆಯೇ ಪರಿಚಿತ ಪಾತ್ರಗಳ ಅನುಕರಣೆ. ವಿಡಂಬನೆ, ಅನುಕರಣೆ ಎಂಬ ಮಾತುಗಳನ್ನು ನಮ್ಮ ಕಾಯಿದೆಯು ವಿನಾಯಿತಿಗಳ ಪಟ್ಟಿಯಲ್ಲಿ ಹೆಸರೆತ್ತಿ ಹೇಳಿಲ್ಲ. ವಿಮರ್ಶೆಗೆ ಕೊಟ್ಟ ವಿನಾಯಿತಿಯ ನೆರಳಿನಲ್ಲಿ ಅವು ನಿಲ್ಲಬೇಕು. ನೋಟೀಸಿನ ಭಯವೇ ಅವರ ಬಾಯಿ ಕಟ್ಟಲು ಸಾಕು. ಅನುಕರಣೆಗೆಂದೇ ಒಂದು ಸ್ಪಷ್ಟವಾದ ವಿನಾಯಿತಿಯನ್ನು ಸಂಸತ್ತು ಬರೆದಿಡುವುದು ಅಗತ್ಯವೆಂದು ನಾವು ತಿಳಿಯುತ್ತೇವೆ.

ಮೂರನೆಯ ಚಿತ್ರದಲ್ಲಿ ಹಳಬರೇ ಇರಲಿ, ಹೊಸಬರೇ ಬರಲಿ, ನಮ್ಮ ಆಕ್ಷೇಪವೇನೂ ಇಲ್ಲ. ನೀರಜ್ ವೋರಾ ಅವರು ಆ ಚಿತ್ರದ ಸಿದ್ಧತೆಯಲ್ಲಿದ್ದಾಗಲೇ ೨೦೧೬ರಲ್ಲಿ ಕಾಯಿಲೆಬಿದ್ದು, ತಿಂಗಳುಗಟ್ಟಲೆ ಎಚ್ಚರವಿಲ್ಲದೆ ಮಲಗಿ, ೨೦೧೭ರ ಡಿಸೆಂಬರಿನಲ್ಲಿ ತೀರಿಕೊಂಡರು. ಇನ್ನೊಸೆಂಟ್ ಅವರು ೨೦೨೩ರ ಮಾರ್ಚಿಯಲ್ಲಿಯೂ, ಸಿದ್ದೀಕ್ ಅವರು ಅದೇ ವರ್ಷದ ಆಗಸ್ಟಿನಲ್ಲಿಯೂ ಗತಿಸಿದರು. ಬಾಬೂರಾವ್ ಯಾರ ಸೊತ್ತೆಂಬ ಈ ವಿವಾದದ ಕುರಿತು ೨೦೨೫ರಲ್ಲಿ ನಾವು ಓದಿದ ಸುದ್ದಿಗಳಲ್ಲಿ ನಿರ್ಮಾಪಕರ, ನಟರ, ವಕೀಲರ ಹೆಸರುಗಳಿದ್ದವು. ಈ ಮೂವರ ಹೆಸರು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.