ಬಾಗಿಲನ್ನು ಕಾಯುವ ಮದ್ದು

ವೈರಸ್ಸು ತಾನಾಗಿ ಬೆಳೆಯಲಾರದು. ಜೀವಕೋಶವೊಂದರ ಒಳಹೊಕ್ಕರೆ ಮಾತ್ರ ಅದಕ್ಕೆ ಬಾಳು. ಒಳಹೋಗಲು ಅದು ಹೆಚ್ಚಾಗಿ ಕೋಶದ ಹೊರಮೈಯಲ್ಲಿರುವ ಯಾವುದಾದರೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಕೋಶವು ಆ ಪ್ರೋಟೀನನ್ನು ಇರಿಸಿಕೊಂಡಿರುವುದು ತನ್ನ ಕೆಲಸಕ್ಕಾಗಿ. ವೈರಸ್ಸಿಗೆ ಅದು ಬಾಗಿಲ ಚಿಲಕವಾಗಿ ಒದಗುತ್ತದೆ.

ಏಡ್ಸ್ ರೋಗದ ವೈರಸ್ಸು ಹಿಡಿಯುವ ಚಿಲಕ ಯಾವುದೆಂಬುದು 1984ರಲ್ಲಿ ತಿಳಿಯಿತು. ಲಂಡನ್ನಿನಲ್ಲಿ ಆಂಗಸ್ ಡಾಲ್ಗ್ಲೀಷ್, ರಾಬಿನ್ ವೈಸ್ ಮತ್ತು ಅವರ ಸಂಗಡಿಗರು 155 ಪ್ರತಿಕಾಯಗಳನ್ನು ಪರೀಕ್ಷಿಸಿ ನೋಡಿದರು. ಅವುಗಳಲ್ಲಿ ಬಿಳಿಯ ರಕ್ತಕಣಗಳ ಮೇಲಿನ ‘ಸಿ.ಡಿ.4’ ಎಂಬ ಪ್ರೋಟೀನಿಗೆ ಅಂಟುವಂಥವು 14. ಆ ಹದಿನಾಲ್ಕೂ ಸೋಂಕನ್ನು ತಡೆದುವು. ಪ್ಯಾರಿಸ್ಸಿನ ಸಂಶೋಧಕರೂ ಅದೇ ವರ್ಷ ಅದೇ ನಿರ್ಣಯಕ್ಕೆ ಬಂದರು.

ಸಾಮಾನ್ಯವಾಗಿ ನಮ್ಮ ದೇಹವು ತಯಾರಿಸುವ ಪ್ರತಿಕಾಯಗಳು ವೈರಸ್ಸನ್ನೇ ಹಿಡಿಯುತ್ತವೆ. ಆದರೆ ಏಡ್ಸ್ ವೈರಸ್ಸು ಬಹುರೂಪಿ. ನಿನ್ನೆಯ ವೇಷವನ್ನು ಗುರುತಿಸಿದ ಪ್ರತಿಕಾಯಕ್ಕೆ ಇಂದಿನ ವೇಷ ತಿಳಿಯದು. ಕಳ್ಳನು ವೇಷ ಬದಲಿಸಿದರೂ ಮನೆಯ ಬಾಗಿಲು ಬದಲಾಗುವುದಿಲ್ಲವಷ್ಟೆ! ಬಾಗಿಲನ್ನೇ ಕಾಯ್ದರೆ ಹೇಗೆ?

ಇಲ್ಲಿಯೂ ಒಂದು ತೊಡಕುಂಟು. ರೋಗಗಳೊಡನೆ ಹೋರಾಡುವ ಕಣಗಳಿಗೆ ತಮ್ಮ ಕೆಲಸಕ್ಕೆ ಸಿ.ಡಿ.4 ಬೇಕೇ ಬೇಕು. ಅದನ್ನು ಪೂರ್ತಿಯಾಗಿ ಮುಚ್ಚಿದರೆ ಕಳ್ಳನೊಡನೆ ಮನೆಯವರಿಗೂ ದಾರಿ ಇಲ್ಲದಂತಾಗುತ್ತದೆ.

ಈ ತೊಡಕನ್ನು ಬಿಡಿಸಿದ ಮದ್ದು ‘ಇಬಾಲಿಜುಮ್ಯಾಬ್’. ಇಲಿಯ ಪ್ರತಿಕಾಯವೊಂದನ್ನು ಮನುಷ್ಯನ ದೇಹಕ್ಕೆ ಒಗ್ಗುವಂತೆ ಮಾರ್ಪಡಿಸಿ ಇದನ್ನು ರೂಪಿಸಿದರು. ಸಿ.ಡಿ.4ರ ಹೊರಚಾಚಿನಲ್ಲಿ ಸರಪಣಿಯಂತೆ ನಾಲ್ಕು ಭಾಗಗಳಿವೆ. ವೈರಸ್ಸು ಹಿಡಿಯುವುದು ಮೊದಲನೆಯದನ್ನು. ಕಣದ ಸ್ವಂತ ಕೆಲಸಕ್ಕೂ ಅದೇ ಮುಖ್ಯ. ಈ ಮದ್ದು ಕುಳಿತುಕೊಳ್ಳುವುದು ಹೆಚ್ಚಾಗಿ ಎರಡನೆಯದರ ಮೇಲೆ. ವೈರಸ್ಸು ಬಂದು ಚಿಲಕವನ್ನು ಹಿಡಿಯಬಲ್ಲುದು. ಆದರೆ ಒಳನುಗ್ಗಲು ಅನಂತರ ಆಗಬೇಕಾದ ರೂಪಬದಲಾವಣೆಗೆ ಅವಕಾಶ ದೊರೆಯುವುದಿಲ್ಲ. ಮನೆಯವರ ಓಡಾಟಕ್ಕೆ ಮಾತ್ರ ಅಡ್ಡಿಯಿಲ್ಲ.

2018ರ ಮಾರ್ಚಿಯಲ್ಲಿ ಅಮೆರಿಕವು ಇದಕ್ಕೆ ಮನ್ನಣೆ ನೀಡಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿದ್ದವರು ಹಲವು ಔಷಧಗಳೂ ನಾಟದೆ ಕೈಸೋತಿದ್ದ 40 ಮಂದಿ. ಎರಡು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಇದನ್ನು ಕೊಟ್ಟು, ಜೊತೆಗೆ ಬೇರೆ ಔಷಧಗಳನ್ನೂ ನೀಡಿದರು. ಸುಮಾರು ಆರು ತಿಂಗಳಲ್ಲಿ 17 ಮಂದಿಯ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಮಿಲಿಲೀಟರಿಗೆ 50ಕ್ಕಿಂತಲೂ ಕೆಳಗಿಳಿಯಿತು.

ಇದು ರೋಗವನ್ನು ಬೇರುಸಹಿತ ಕೀಳುವ ಮದ್ದಲ್ಲ. ಬಾಗಿಲು ಬದಲಾಗದಿದ್ದರೂ, ಕಾವಲುಗಾರನ ಕಣ್ತಪ್ಪಿಸುವ ಉಪಾಯವನ್ನು ವೈರಸ್ಸು ಕೆಲವೊಮ್ಮೆ ಕಲಿತುಬಿಡುತ್ತದೆ. ಆದ್ದರಿಂದಲೇ ಇದನ್ನು ಒಂಟಿಯಾಗಿ ಕೊಡದೆ ಬೇರೆ ಔಷಧಗಳ ಜೊತೆಗೂಡಿಸುತ್ತಾರೆ. ಆದರೂ, ಬೇರೆ ದಾರಿಗಳು ಬಹುಮಟ್ಟಿಗೆ ಮುಚ್ಚಿಹೋಗಿದ್ದ ಆ ಹದಿನೇಳು ಮಂದಿಗೆ ದೊರೆತದ್ದು ಅಲ್ಪ ಲಾಭವೇನೂ ಅಲ್ಲ.